ಮೊದಲು ಬಿದ್ದದ್ದು ಮನೆಯೋ, ಕಂಬದ ಬೆಲೆಯೋ?

ಉದ್ಯಾನ ಮಂಟಪಗಳ ಮಾತು ಬಂದಾಗಲೆಲ್ಲ ಈ ಅಂಕಣದಲ್ಲಿ ಪೋರ್ಟ್‌ಮೀರಿಯನ್ ಹೆಸರು ಸುಳಿದು ಹೋಗಿದೆ. ಈ ವಾರ ಅಲ್ಲಿನ ಗ್ಲೋರಿಯೆಟ್‌ನ ಸರದಿ. ಉತ್ತರ ವೇಲ್ಸ್‌ನಲ್ಲಿ, ಡ್ವಿರಿಡ್ ನದಿಯ ಅಳಿವೆಗೆ ಮುಖ ಮಾಡಿದ ಗುಡ್ಡದ ಇಳಿಜಾರಿನಲ್ಲಿ ವಾಸ್ತುಶಿಲ್ಪಿ ಕ್ಲಫ್ ವಿಲಿಯಮ್ಸ್-ಎಲ್ಲಿಸ್ 1925ರಿಂದ ಸುಮಾರು ಐವತ್ತು ವರ್ಷ ಕಟ್ಟುತ್ತಲೇ ಹೋದ ಪುಟ್ಟ ಊರು ಅದು. ನಡುವಿನ ಚೌಕದಲ್ಲಿ ಕೊಳ, ಹುಲ್ಲುಹಾಸು. ಅದನ್ನು ನೋಡುತ್ತ ನಿಂತ ಕಂಬಸಾಲಿನ ಮೊಗಸಾಲೆಯೇ ಗ್ಲೋರಿಯೆಟ್. ಕಂಬಗಳು ಚೆಷೈರ್‌ನಲ್ಲಿ ಕೆಡವಿದ ಹೂಟನ್ ಹಾಲ್ ಎಂಬ ಬಂಗಲೆಯವು. ಹೆಸರು ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ಗುಡ್ಡದ ಮೇಲಿರುವ ಗ್ಲೋರಿಯೆಟ್‌ನದು.

ವಿಯೆನ್ನಾದ್ದರ ಮುಂದೆ ಇದು ತೀರಾ ಚಿಕ್ಕದು. ಆದರೆ ವಂಶ ಒಂದೇ. ಮಾರಿಯಾ ತೆರೇಸಾಳ ಕಾಲದಲ್ಲಿ, 1775ರಲ್ಲಿ ಹೋಹೆನ್‌ಬರ್ಗ್ ಕಟ್ಟಿದ ಆ ಮಂಟಪಕ್ಕೂ ಕಂಬ, ಕಮಾನುಗಳು ಬಂದದ್ದು ಹದಿನಾರನೇ ಶತಮಾನದ ನಾಯ್‌ಗೆಬೋಯ್ಡೆ ಅರಮನೆಯಿಂದ. ಸಾಮ್ರಾಜ್ಞಿಯ ಮನೆತನಕ್ಕೇ ಹಳೆಯ ಕಲ್ಲು ಅವಮಾನ ಎನಿಸಲಿಲ್ಲ.

ಪೋರ್ಟ್‌ಮೀರಿಯನ್ನಿನಲ್ಲಿ ಸುಮ್ಮನೆ ಅಡ್ಡಾಡಿದರೂ ಇಂಥವು ಕಾಲಿಗೆ ತೊಡರುತ್ತವೆ. ಎರಕದ ಕಬ್ಬಿಣದಲ್ಲಿ ಬಾಲ ಬಾಗಿಸಿ ನಿಂತ ಮತ್ಸ್ಯಕನ್ಯೆಯ ಫಲಕಗಳು ಲಿವರ್‌ಪೂಲಿನ ನಾವಿಕರ ವಸತಿಗೃಹದಿಂದ ಬಂದವು. ಬ್ರಿಸ್ಟಲ್‌ನ ಸ್ನಾನಗೃಹವೊಂದರ ಮುಂದಿದ್ದ, 1760ರ ಹೊತ್ತಿನ ಕಂಬಸಾಲು ಬಾಂಬಿನ ಪೆಟ್ಟು ತಿಂದು ಪಾಳುಬಿದ್ದಿತ್ತು. ಅದನ್ನು 1959ರಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದರು. ಕೆಲವು ಕಿಟಕಿಗಳು ಕಿಟಕಿಗಳೇ ಅಲ್ಲ, ಗೋಡೆಯ ಮೇಲೆ ಬರೆದ ಚಿತ್ರ. ಬಿದ್ದ ಕಟ್ಟಡಗಳಿಗೊಂದು ಆಶ್ರಯ ಎಂದು ಕ್ಲಫ್ ತಮ್ಮ ಊರನ್ನು ಕರೆಯುತ್ತಿದ್ದರು.

ಗ್ಲೋರಿಯೆಟ್‌ನ ಅಳತೆ, ಶೈಲಿಗಳ ಬಗ್ಗೆ ಬರೆಯಲು ಕೂತವನು ಅದನ್ನು ಇಲ್ಲಿಗೇ ಬಿಟ್ಟು, ಅದೇ ಊರಿನ ಹರ್ಕ್ಯುಲಿಸ್ ಹಾಲ್‌ನ ಮುಚ್ಚಿಗೆಯತ್ತ ಹೊರಳುತ್ತೇನೆ. ಹೇಳಬೇಕಾದ್ದೆಲ್ಲ ಅದರಲ್ಲೇ ಇದೆ. ಕಮಾನಿನಂತೆ ಬಾಗಿದ ಆ ಗಾರೆಯ ಮುಚ್ಚಿಗೆಯ ತುಂಬ ಹರ್ಕ್ಯುಲಿಸ್‌ನ ಸಾಹಸಗಳು ಉಬ್ಬುಚಿತ್ರಗಳಾಗಿವೆ. ಹದಿನೇಳನೇ ಶತಮಾನದ ಈ ಕೆಲಸ ಫ್ಲಿಂಟ್‌ಷೈರ್‌ನ ಎಮ್ರಲ್ ಹಾಲ್‌ನಲ್ಲಿತ್ತು. 1936ರಲ್ಲಿ ಆ ಬಂಗಲೆ ಒಡೆಯುವವರ ಪಾಲಾಯಿತು. ಸುದ್ದಿ ತಿಳಿದು ಕ್ಲಫ್ ಹರಾಜಿಗೆ ಓಡಿದರು. ಮುಚ್ಚಿಗೆ ಅವರಿಗೆ ದಕ್ಕಿದ್ದು ಬರೀ 13 ಪೌಂಡಿಗೆ. ಆದರೆ ಕೋಣೆಯಿಲ್ಲದ ಮುಚ್ಚಿಗೆ ಎಲ್ಲಿ ನಿಲ್ಲಬೇಕು? ಆ ಕೋಣೆಯ ಕಿಟಕಿ, ಮರಗೆಲಸಗಳನ್ನೂ ಕೊಂಡರು. ಮುಚ್ಚಿಗೆಯನ್ನು ತುಂಡು ತುಂಡಾಗಿ ಕತ್ತರಿಸಿ ಸಾಗಿಸಿ, ಅದನ್ನು ಹೊರುವುದಕ್ಕೆಂದೇ ಹೊಸ ಕಟ್ಟಡ ಎಬ್ಬಿಸಿದರು. ಕೊಂಡದ್ದು ಅಗ್ಗಕ್ಕೆ, ನಿಲ್ಲಿಸಿದ್ದು ದುಬಾರಿಗೆ. ಉಳಿಸುವವನ ಲೆಕ್ಕ ಯಾವಾಗಲೂ ಹೀಗೆಯೇ.

ಹುಟ್ಟಿದ ಜಾಗ ಬಿಟ್ಟ ಕಂಬ ಸತ್ತ ಕಂಬ ಎನ್ನುವ ಶುದ್ಧವಾದಿಗಳೊಂದಿಗೆ ನನ್ನ ಜಗಳ ಹಳೆಯದು. ಇಂಥ ಮಂಟಪಗಳು ಅವರ ಕಣ್ಣಿಗೆ ನಾಟಕದ ಪರದೆ. ಎಮ್ರಲ್ ಹಾಲ್ ಉಳಿದಿದ್ದರೆ ಅವರ ವಾದಕ್ಕೆ ನಾನೂ ತಲೆಬಾಗುತ್ತಿದ್ದೆ. ಆದರೆ ಆ ಹರಾಜಿನ ದಿನ ಹಳೆಯ ಜಾಗ, ಹೊಸ ಜಾಗ ಎಂಬ ಆಯ್ಕೆಯೇ ಇರಲಿಲ್ಲ. ಇದ್ದದ್ದು ಹೊಸ ಜಾಗ, ಇಲ್ಲವೇ ಕಸದ ಗುಂಡಿ. ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡಿನಲ್ಲಿವೆ. ಗೆದ್ದವರು ಸೋತವನ ಮನೆಯಿಂದ ಹೊತ್ತೊಯ್ದ ಮರ ಎಂಬ ನೋವು ಅದರಲ್ಲಿದೆ, ನಿಜ. ಆದರೂ ತಲೆಯೆತ್ತಿ ನೋಡಲು ಆ ಅರಮನೆಯ ಮರವಾದರೂ ಇದೆ.

ನನ್ನ ಸಿಟ್ಟು ಶುದ್ಧವಾದಿಗಳಿಗಿಂತ ಹೆಚ್ಚು ಇನ್ನೊಂದು ಪಂಗಡದ ಮೇಲೆ. ಮಲೆನಾಡಿನ ರೆಸಾರ್ಟೊಂದರಲ್ಲಿ ಹಳೆಯ ತೊಟ್ಟಿಮನೆಯ ಕಂಬಗಳನ್ನು ಹೊಸ ಚಾವಣಿಯ ಎತ್ತರಕ್ಕೆ ಸರಿಹೊಂದಲೆಂದು ಬುಡದಲ್ಲೇ ಗರಗಸದಿಂದ ಕೊಯ್ದಿದ್ದರು. ಕೊಯ್ದ ಜಾಗದಲ್ಲಿ ಅರ್ಧ ತಾವರೆ ಉಳಿದಿತ್ತು. ಬೋದಿಗೆಗಳು ಕಾಫಿ ಟೇಬಲ್ಲಿನ ಕಾಲುಗಳಾಗಿದ್ದವು. ಎಲ್ಲಿಯವೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಇದನ್ನು ಉಳಿಸುವುದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಗಟ್ಟಿಮುಟ್ಟಾದ ಮನೆಯ ಅಂಗಳಕ್ಕೆ ಮಧ್ಯವರ್ತಿ ಬಂದು ಕಂಬಕ್ಕಿಷ್ಟು, ದಾರಂದಕ್ಕಿಷ್ಟು ಎಂದು ಬೆಲೆ ಕಟ್ಟುತ್ತಾನೆ. ಪಾಲಾಗಬೇಕಾದ ಅಣ್ಣತಮ್ಮಂದಿರಿಗೆ ಮನೆಗಿಂತ ಮರದ ಹಣವೇ ಹಂಚಲು ಸಲೀಸು. ಹೀಗೆ ಕಂಬಕ್ಕೆ ಬಂದ ಬೆಲೆಯೇ ಮನೆಯನ್ನು ಕೆಡವುತ್ತದೆ. ಕ್ಲಫ್ ಹೋದದ್ದು ಬೀಳುವುದು ಖಚಿತವಾದ ಮನೆಗೆ. ಇವರು ಹೋಗುವುದು ನಿಂತ ಮನೆಗೆ. ನನ್ನ ತಕ್ಕಡಿಯಲ್ಲಿ ಈ ಒಂದು ವ್ಯತ್ಯಾಸ ಉಳಿದೆಲ್ಲ ಶೈಲಿಚರ್ಚೆಗಿಂತ ತೂಕದ್ದು.

ನಮ್ಮಲ್ಲೇ ಮೇಲ್ಪಂಕ್ತಿ ಇಲ್ಲದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಕಟ್ಟಿದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಕುಂಜೂರಿನ ಚೌಕಿಮನೆ ಕುಂಜೂರಿನದಾಗಿಯೇ ಇದೆ, ಮುಧೋಳದ ದರ್ಬಾರು ಮುಧೋಳದ್ದಾಗಿಯೇ ಇದೆ. ಸ್ಥಳ ಬದಲಾಗಿದೆ, ಊರಿನ ಹೆಸರು ಅಳಿದಿಲ್ಲ. ಹೂಟನ್, ಎಮ್ರಲ್‌ಗಳ ಹೆಸರನ್ನು ಪೋರ್ಟ್‌ಮೀರಿಯನ್ ಉಳಿಸಿಕೊಂಡದ್ದೂ ಹೀಗೆಯೇ.

ತೋಟದಲ್ಲೊಂದು ಮಂಟಪ ನಿಲ್ಲಿಸಲು ಹಳೆಯ ಕಂಬ ಹುಡುಕುತ್ತಿರುವ ಓದುಗರು ಮಾರುವವನನ್ನು ಎರಡು ಪ್ರಶ್ನೆ ಕೇಳಿ. ಇದು ಯಾವ ಊರಿನ, ಯಾರ ಮನೆಯದು? ಆ ಮನೆ ಏಕೆ ಬಿತ್ತು? ನೇರ ಉತ್ತರ ಸಿಗದಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಬರಿಗೈಯಲ್ಲಿ ವಾಪಸು ಬನ್ನಿ. ಸಿಕ್ಕರೆ ಧಾರಾಳವಾಗಿ ಕೊಳ್ಳಿ, ಕಂಬದ ಎತ್ತರಕ್ಕೆ ಮಾಡು ಹೊಂದಿಸಿ, ಪೀಠದ ಕಲ್ಲಿನ ಮೇಲೆ ಆ ಊರಿನ ಹೆಸರು ಕೆತ್ತಿಸಿ.