ಮಾದ, ಮಾದೇವ, ಮಹದೇವ: ಒಂದು ಹೆಸರಿನ ಉಚ್ಚಾರಣೆಯ ಜಾಡು

ದಕ್ಷಿಣ ಕರ್ನಾಟಕದ ಜನಪದ ಕಾವ್ಯಗಳನ್ನು ಕುರಿತ ಅಧ್ಯಯನಗಳಲ್ಲಿ ವ್ಯಕ್ತಿನಾಮಗಳಿಗೆ ದೊರೆತಿರುವ ಗಮನ ಅಲ್ಪವೇ. 'ಮಹಾದೇವ' ಶುದ್ಧರೂಪ, 'ಮಾದೇವ', 'ಮಾದ' ಎಂಬುವು ಅದರ ಅಪಭ್ರಷ್ಟ ರೂಪಗಳು ಎಂಬ ಒಂದು ವಾಕ್ಯದಲ್ಲಿ ಚರ್ಚೆ ಮುಗಿದುಹೋಗುವುದುಂಟು. ಈ ನಿಲುವು ಮರುಪರಿಶೀಲನೆಗೆ ಅರ್ಹವಾದುದು.

ಮಹಾನವಮಿಯನ್ನು 'ಮಾರ್ನಮಿ' ಎನ್ನುವ ಸೀಮೆಯಲ್ಲಿ ಮಹಾದೇವನು ಮಾದೇವನಾದುದು ಧ್ವನಿನಿಯಮಕ್ಕೆ ಅನುಗುಣವಾದ ಬದಲಾವಣೆ. ಅದರಲ್ಲಿ ಅಜ್ಞಾನವೇನೂ ಇಲ್ಲ. ಬಸವಣ್ಣನವರ ತಂದೆಯನ್ನು ಪರಂಪರೆಯು ಮಾದರಸನೆಂದು, ತಾಯಿಯನ್ನು ಮಾದಲಾಂಬಿಕೆಯೆಂದು ಕರೆಯುತ್ತದೆ. ಅಗ್ರಹಾರದ ಮನೆಯೊಳಗೂ ಈ ಧ್ವನಿಗೆ ಅಡ್ಡಿಯಿರಲಿಲ್ಲವೆಂಬುದಕ್ಕೆ ಇಷ್ಟು ಸಾಕು. (ಮಾಧವ ಎಂಬ ಹೆಸರೂ ಜನರ ಬಾಯಲ್ಲಿ 'ಮಾದ'ವೇ ಆಗುವುದರಿಂದ ಹರಿ-ಹರರಿಬ್ಬರೂ ಇಲ್ಲಿ ಒಂದಾಗಿಬಿಡುವುದುಂಟು!)

ಚಾಮರಾಜನಗರ, ಮೈಸೂರು, ಮಂಡ್ಯ ಭಾಗಗಳಲ್ಲಿ ಈ ಹೆಸರು ಮನೆಮನೆಗೂ ಹಬ್ಬಿದುದು ಏಳುಮಲೆಯ ಮಾದಪ್ಪನಿಂದ. ಕಂಸಾಳೆಯವರು ಹಾಡುವ ಕಾವ್ಯದಲ್ಲಿ ಮಕ್ಕಳಿಲ್ಲದ ಸಂಕಮ್ಮನಿಗೆ ಮಾದಪ್ಪನ ವರದಿಂದ ಕಾರಯ್ಯ, ಬಿಲ್ಲಯ್ಯರೆಂಬ ಅವಳಿಮಕ್ಕಳು ಹುಟ್ಟುತ್ತಾರೆ. ಆ ಕಥೆಯನ್ನು ರಾತ್ರಿಯಿಡೀ ಕೇಳಿದ ತಾಯಂದಿರು ಹರಕೆ ಹೊತ್ತು, ಹೆತ್ತ ಮಗುವಿಗೆ ದೇವರ ಹೆಸರನ್ನೇ ಇಟ್ಟರು. ಹೆಣ್ಣಾದರೆ ಮಾದಮ್ಮ, ಮಾದೇವಿ. ಗಂಡಾದರೆ ಕುಲಕ್ಕೆ ತಕ್ಕ ಪ್ರತ್ಯಯ: ಮಾದಪ್ಪ, ಮಾದಯ್ಯ, ಮಾದೇಗೌಡ, ಮಾದನಾಯಕ. ಯಾವ ಪ್ರತ್ಯಯವೂ ಇಲ್ಲದ ಬರಿಯ 'ಮಾದ' ಯಾರ ಪಾಲಿಗೆ ಉಳಿಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು 'ಮಹದೇಶ್ವರ' ಎಂಬ ರೂಪ. ಪ್ರಾಧಿಕಾರದ ಫಲಕಗಳಿಂದ ಹಿಡಿದು 2013ರಲ್ಲಿ ಘೋಷಿತವಾದ ವನ್ಯಜೀವಿಧಾಮದವರೆಗೆ ಎಲ್ಲೆಡೆ ಇದೇ ಅಧಿಕೃತ ಬರವಣಿಗೆ. ಆದರೆ ಸಂಸ್ಕೃತದ ಸಂಧಿಯಿಂದ ಇದನ್ನು ಸಾಧಿಸುವುದು ಸಾಧ್ಯವಿಲ್ಲ. ಮಹಾ ಮತ್ತು ಈಶ್ವರ ಸೇರಿದರೆ ಮಹೇಶ್ವರ; ಮಹಾದೇವ ಮತ್ತು ಈಶ್ವರ ಸೇರಿದರೆ ಮಹಾದೇವೇಶ್ವರ; ಮಹತ್ ಮತ್ತು ಈಶ್ವರ ಸೇರಿದರೆ ಮಹದೀಶ್ವರ. 'ಮಾದ' ಎಂಬ ಜನಪದ ರೂಪಕ್ಕೆ ಈಶ್ವರ ಸೇರಿದಾಗ ಮಾತ್ರ ಗುಣಸಂಧಿಯಾಗಿ 'ಮಾದೇಶ್ವರ' ದೊರೆಯುತ್ತದೆ. ಆ ಮಾದೇಶ್ವರನಿಗೆ ಅನಂತರ ಹಕಾರವನ್ನು ತೊಡಿಸಿ ಮಹದೇಶ್ವರನನ್ನು ಮಾಡಲಾಗಿದೆ. ಅಂದರೆ ಶುದ್ಧವೆಂದು ನಾವು ನಂಬಿರುವ ರೂಪವು ಅಶುದ್ಧವೆಂದು ಕಡೆಗಣಿಸಿದ ರೂಪದ ಹೊಟ್ಟೆಯಲ್ಲಿಯೇ ಹುಟ್ಟಿದುದು. ದೀರ್ಘವಿಲ್ಲದ 'ಮಹದೇವ'ದ ಸ್ಥಿತಿಯೂ ಹೆಚ್ಚುಕಡಿಮೆ ಇದೇ.

ಹೀಗಿದ್ದರೂ ಜಾನಪದ ವಿದ್ವಾಂಸರು 'ಮಾದ'ನನ್ನು ಮೆಚ್ಚಿ 'ಮಹದೇವ'ನನ್ನು ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ಎಂ. ಎನ್. ಶ್ರೀನಿವಾಸರ ಸಂಸ್ಕೃತೀಕರಣದ ಪರಿಕಲ್ಪನೆಯನ್ನು ಇಲ್ಲಿ ಸುಲಭವಾಗಿ ಅನ್ವಯಿಸಿಬಿಡಬಹುದು. ಆದರೆ ಅದು ಅರ್ಧಸತ್ಯವನ್ನಷ್ಟೇ ಹೇಳುತ್ತದೆ. ಮಂಡ್ಯದ ಹಿರಿಯ ರಾಜಕಾರಣಿ, 2021ರಲ್ಲಿ ನಿಧನರಾದ ಜಿ. ಮಾದೇಗೌಡರ ಹೆಸರನ್ನು ತಿದ್ದಬೇಕೆಂದು ಯಾರಿಗೂ ಅನ್ನಿಸಲಿಲ್ಲ. 'ಮಾದ' ಎಂಬ ಧ್ವನಿ ಅಲ್ಲಿ ಕೀಳಾಗಿರಲಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಿದ್ದುಪಡಿಗೆ ಒಳಗಾದುದು ಪ್ರತ್ಯಯವಿಲ್ಲದ ಮಾದ. ಕೊಳ್ಳೇಗಾಲದ ಕಡೆ ಕ್ಷೇತ್ರಕಾರ್ಯದಲ್ಲಿದ್ದಾಗ ದಲಿತ ಕೇರಿಯ ಹಿರಿಯರೊಬ್ಬರು, ಮಗನ ಹೆಸರನ್ನು ಮಹದೇವಸ್ವಾಮಿ ಎಂದು ಬರೆಸಿದುದೇಕೆಂದು ನಾನು ಕೇಳಿದುದಕ್ಕೆ, "ಮಾದ ಅಂದ್ರೆ ಏಕವಚನ್ದಲ್ಲೇ ಕೂಗ್ತಾರೆ ಸ್ವಾಮಿ, ಇದಾದ್ರೆ ಕೂಗೋಕೆ ವಸಿ ತಡೀತಾರೆ" ಎಂದರು. ಮನೆಯಲ್ಲಿ ಅವರು ಮಗನನ್ನು ಕೂಗುತ್ತಿದ್ದುದು ಮಾದಾ ಎಂದೇ. ಈ ಎರಡು ಹೆಸರುಗಳಲ್ಲಿ ಒಂದು ಅವರ ಭಕ್ತಿಗೆ, ಮತ್ತೊಂದು ಅವರ ಮಾನಕ್ಕೆ ಬೇಕಾಗಿತ್ತು. ದೇವನೂರ ಮಹಾದೇವರ 'ಕುಸುಮಬಾಲೆ'ಯ (1984) ಮುಖಪುಟದ ಮೇಲೆ ಹಕಾರವೂ ದೀರ್ಘವೂ ಇವೆ. ಆ ಕೃತಿಯ ಒಳಗಿನ ಜನರು ಮಾತ್ರ ಆ ಹೆಸರನ್ನು ಹಾಗೆ ಉಚ್ಚರಿಸಲಾರರು.

ಹೊಸ ಶತಮಾನದಲ್ಲಿ ಚಲನಚಿತ್ರವು ಹಳೆಯ ಧ್ವನಿಗೆ ಮತ್ತೆ ಮೆರುಗು ಕೊಟ್ಟಿತು. 'ಜೋಗಿ'ಯ (2005) ನಾಯಕ ಮಾದೇಶ. 2008ರಲ್ಲಿ ಅದೇ ಹೆಸರು ಒಂದು ಚಿತ್ರದ ಶೀರ್ಷಿಕೆಯಾಯಿತು. ಆದರೆ ಕಟ್ಟುಮಸ್ತಾದ ನಾಯಕನಿಗೆ ಒಪ್ಪುವ ಈ ಹೆಸರು ತೊಟ್ಟಿಲಿಗೆ ಮರಳಿದಂತೆ ನನಗೆ ಕಂಡಿಲ್ಲ. ನಾನು ಓಡಾಡಿದ ಹಳ್ಳಿಗಳಲ್ಲಿ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದ ಕೂಸಿಗೂ ಎರಡಕ್ಷರದ ಹೊಸ ಹೆಸರು. ಮಾದಪ್ಪನ ಹೆಸರನ್ನು ಅಜ್ಜಿ ಕಿವಿಯಲ್ಲಿ ಒಮ್ಮೆ ಹೇಳಿ ಸುಮ್ಮನಾಗುತ್ತಾಳೆ. ಕಾವ್ಯಪಾಠಗಳನ್ನು ಸಂಪಾದಿಸುವವರು ಗಾಯಕನು 'ಮಾದೇವ' ಎಂದುದನ್ನು 'ಮಹದೇವ' ಎಂದು ತಿದ್ದುತ್ತ ಹೋದರೆ, ಅಜ್ಜಿ ಹೇಳಿದ್ದು ಯಾವ ಹೆಸರೆಂಬುದು ಮುಂದಿನ ಸಂಶೋಧಕನಿಗೆ ಪುಸ್ತಕದಲ್ಲಿಯೂ ಸಿಗಲಾರದು.