ನಾಯಿಯ ಪ್ರಾಸ್ಟೇಟ್ ರೋಗನಿರ್ಣಯ: ಒಂದು ಚಾರಿತ್ರಿಕ ಆಕ್ಷೇಪ

ಚಾರ್ಲ್ಸ್ ಹಗಿನ್ಸರ ಶೋಧವನ್ನು ವರ್ಣಿಸುವ ವೈದ್ಯಚರಿತ್ರೆಗಳಲ್ಲಿ ನಾಯಿಗೆ ಒಂದು ಗೌರವದ ಸ್ಥಾನವುಂಟು. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅವರು ನಾಯಿಯ ಪ್ರಾಸ್ಟೇಟ್ ಗ್ರಂಥಿಯ ಸ್ರಾವವನ್ನು ಮೂತ್ರದಿಂದ ಬೇರ್ಪಡಿಸಿ ಅಳೆದರು. ವೃಷಣಗಳನ್ನು ತೆಗೆದರೆ, ಇಲ್ಲವೆ ಸ್ತ್ರೀಹಾರ್ಮೋನನ್ನು ಕೊಟ್ಟರೆ, ಮುದಿ ನಾಯಿಯ ಊದಿದ ಗ್ರಂಥಿ ಕುಗ್ಗುವುದನ್ನು ಕಂಡರು. 1941ರಲ್ಲಿ ಅದೇ ಉಪಾಯವನ್ನು ಮನುಷ್ಯರ ಕ್ಯಾನ್ಸರಿಗೆ ಪ್ರಯೋಗಿಸಿದ ಫಲವನ್ನು ಪ್ರಕಟಿಸಿದರು. 1966ರಲ್ಲಿ ಪೇಟನ್ ರೌಸರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಇಷ್ಟು ನಿರ್ವಿವಾದ. ಆದರೆ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ, ಓದಿದವನು ನಾಯಿಯ ಕ್ಯಾನ್ಸರೂ ಮನುಷ್ಯನ ಕ್ಯಾನ್ಸರೂ ಒಂದೇ ಸ್ವಭಾವದವು ಎಂದು ತಿಳಿದುಬಿಡುತ್ತಾನೆ. ನನ್ನ ಆಕ್ಷೇಪವಿರುವುದು ಇಲ್ಲಿಯೇ.

ಮೂಲವನ್ನು ನೋಡಬೇಕು. ಕ್ಲಾರ್ಕರೊಡನೆ ಹಗಿನ್ಸರು ಬರೆದ 1940ರ ಪ್ರಬಂಧದ ಶೀರ್ಷಿಕೆಯಲ್ಲಿ ನಾಯಿಯ ಸಹಜ ಗ್ರಂಥಿ, ಅತಿವೃದ್ಧಿಗೊಂಡ ಗ್ರಂಥಿ ಇವೆರಡೇ ಇವೆ, ಕ್ಯಾನ್ಸರಿನ ಹೆಸರಿಲ್ಲ. ಕುಗ್ಗಿದ್ದು ವಯಸ್ಸಿನೊಡನೆ ಬೆಳೆದ ಸೌಮ್ಯವಾದ ಊತ. ನಾಯಿಯ ಕ್ಯಾನ್ಸರಾದರೋ ವೃಷಣದ ಹಾರ್ಮೋನಿಗೆ ಬಹುಮಟ್ಟಿಗೆ ಅಧೀನವಲ್ಲ. ವೃಷಣಚ್ಛೇದನದಿಂದ ಅದು ಇಳಿಯದು. ಅಷ್ಟೇ ಅಲ್ಲ, ಛೇದನಗೊಂಡ ನಾಯಿಗಳಲ್ಲಿಯೇ ಅದರ ಸಂಭವ ಹೆಚ್ಚೆಂದು ಈಚಿನ ಪರಿಶೀಲನೆಗಳು ತೋರಿಸಿವೆ.

ಆದ್ದರಿಂದ, ಬೀಜ ತೆಗೆಸಿದ್ದಾಗಿದೆ, ಇನ್ನು ಆ ಗ್ರಂಥಿಯ ಭಯವಿಲ್ಲ ಎಂಬ ಒಡೆಯನ ನೆಮ್ಮದಿ ಅಪಾಯಕರವಾದದ್ದು. ಅಂಥ ನಾಯಿಯಲ್ಲಿ ಗ್ರಂಥಿ ಚಿಕ್ಕದಾಗಿರತಕ್ಕದ್ದು. ಗುದದ್ವಾರದಿಂದ ಬೆರಳಿಟ್ಟು ನೋಡಿದಾಗ ಅದು ದೊಡ್ಡದಾಗಿ, ಗಟ್ಟಿಯಾಗಿ, ಅಂಕುಡೊಂಕಾಗಿ ಸಿಕ್ಕರೆ, ಮೊದಲು ಶಂಕಿಸಬೇಕಾದದ್ದು ಕ್ಯಾನ್ಸರನ್ನೇ. ಮಲವಿಸರ್ಜನೆಗೆ ತಿಣುಕುವುದು, ಶಿಶ್ನದಿಂದ ರಕ್ತ ತೊಟ್ಟಿಕ್ಕುವುದು ಮುಂತಾದ ಲಕ್ಷಣಗಳು ಊತ, ಸೋಂಕು, ನೀರುಗಂಟು, ಕ್ಯಾನ್ಸರು ಯಾವುದರಲ್ಲಿಯಾದರೂ ಕಾಣಬಹುದು. ನೋವು ಸೋಂಕಿನಲ್ಲಿಯೂ ಉಂಟು.

ರಕ್ತಪರೀಕ್ಷೆಯ ವಿಷಯದಲ್ಲಿಯೂ ಸಾದೃಶ್ಯ ಸಾಗದು. ಮನುಷ್ಯರಲ್ಲಿ ಹಗಿನ್ಸರು ಆಸಿಡ್ ಫಾಸ್ಫಟೇಸ್ ಕಿಣ್ವದ ಏರಿಳಿತವನ್ನು ಸಾಕ್ಷಿಯಾಗಿ ಹಿಡಿದರು. ನಾಯಿಯ ಪ್ರಾಸ್ಟೇಟಿನದೇ ಆದ ಎಸ್ಟರೇಸ್ ಕಿಣ್ವ ರಕ್ತದಲ್ಲಿ ಏರಿದರೆ ಊತದ ಸುಳಿವು ಸಿಗುತ್ತದೆ. ಕ್ಯಾನ್ಸರನ್ನು ಬೇರ್ಪಡಿಸಿ ಹೇಳಲು ಅದು ಸಾಲದು. ಒಂದೇ ಅಕ್ಷರದ ರೂಪವನ್ನು ಹಿಡಿದು ಶಾಸನದ ಕಾಲ ನಿರ್ಣಯಿಸುವವರನ್ನು ಕಂಡು ನಾವು ನಗುವುದುಂಟು. ಇಲ್ಲಿಯೂ ಆ ನಗೆಗೆ ಎಡೆಯಿದೆ. ಅಲ್ಟ್ರಾಸೌಂಡಿನಲ್ಲಿ, ಛೇದನಗೊಂಡ ನಾಯಿಯ ಗ್ರಂಥಿಯೊಳಗೆ ಸುಣ್ಣದ ಕಣಗಳು ಕಂಡರೆ ಶಂಕೆ ಬಲವಾಗುತ್ತದೆ. ಆಗಲೂ, ಗ್ರಂಥಿಯಿಂದ ತೆಗೆದ ಕೋಶಗಳನ್ನಾಗಲಿ ಅಂಗಾಂಶವನ್ನಾಗಲಿ ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ನಿರ್ಣಯವನ್ನು ತಡೆಹಿಡಿಯಬೇಕಾಗುತ್ತದೆ.