ಉಳಿಗೆ ಎಷ್ಟು ಸ್ಟಾರ್?

ಸಾಗರದ ಹತ್ತಿರದ ಅಜ್ಜನ ಮನೆ ಕೆಡವಿದಾಗ ನನ್ನ ಪಾಲಿಗೆ ಬಂದಿದ್ದು ಒಂದು ಹಳೇ ಸಾಗುವಾನಿ ಕಿಟಕಿಯ ಚೌಕಟ್ಟು. ಅದನ್ನು ಸೀಳಿಸಿ ಅಮ್ಮನಿಗೊಂದು ಪುಟ್ಟ ಪೆಟ್ಟಿಗೆ ಮಾಡಿಕೊಡೋಣ ಅಂತ ಆಸೆ. ಆರು ಹಲಗೆ ಸಿಕ್ಕವು. ಎರಡನ್ನು ಈಗಾಗಲೇ ಹಾಳು ಮಾಡಿದ್ದೇನೆ. ತಪ್ಪು ಅರ್ಧ ನನ್ನ ಕೈಯದ್ದು, ಅರ್ಧ ನನ್ನ ಉಳಿಗಳದ್ದು. ಕೈಯ ವಿಷಯ ಬಿಡಿ, ಅದು ದೊಡ್ಡ ಕತೆ. ಇಲ್ಲಿ ಉಳಿಗಳ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅವನ್ನು ನನ್ನ ಕೈಗೆ ತಂದುಕೊಟ್ಟ ವಿಮರ್ಶೆಗಳ ಬಗ್ಗೆ ಹೇಳ್ತೀನಿ.

ನನ್ನ ವರ್ಕ್‌ಶಾಪ್ ಅಂದ್ರೆ ಮೂರನೇ ಮಹಡಿಯ ಬಾಲ್ಕನಿ. ಮೆಷೀನ್ ಹಾಕಿದರೆ ಐದು ನಿಮಿಷದಲ್ಲಿ ಅಸೋಸಿಯೇಷನ್ ಗ್ರೂಪಿನಲ್ಲಿ ಮೆಸೇಜು. ಹಾಗಾಗಿ ಗರಗಸ, ತೋಪಡ, ಉಳಿ, ಕೊಡತಿ, ಇಷ್ಟೇ. ನಾಲ್ಕೂವರೆ ಸ್ಟಾರ್ ನೋಡಿ ಆರು ಉಳಿಗಳ ಸೆಟ್ ತರಿಸಿದೆ. ಮರದ ಡಬ್ಬಿ, ಒಳಗೆ ವೆಲ್ವೆಟ್ಟು, ಮಿಂಚುವ ಹಿಡಿ. ಮೊದಲ ದಿನ ನಾನೂ ಐದು ಸ್ಟಾರ್ ಕೊಟ್ಟೆ. ತಪ್ಪಾಗಿದ್ದೇ ಅಲ್ಲಿ. ಡಬ್ಬಿ ಬಿಚ್ಚಿದ ದಿನವೇ ಉಳಿಯ ಬಗ್ಗೆ ಬರೆಯೋದು, ಮುಖಪುಟ ಸವರಿ ನೋಡಿ ಕಾದಂಬರಿಯ ವಿಮರ್ಶೆ ಬರೆದ ಹಾಗೆ.

ವಿಡಿಯೋಗಳ ಪರಿಸ್ಥಿತಿಯೂ ಅಷ್ಟೇ. ಒಬ್ಬರು ಉಳಿಯಿಂದ ಮುಂಗೈ ಕೂದಲು ಬೋಳಿಸ್ತಾರೆ, ಇನ್ನೊಬ್ಬರು ಗಾಳಿಯಲ್ಲಿ ಕಾಗದ ಕತ್ತರಿಸ್ತಾರೆ. ಅದರಿಂದ ತಿಳಿಯೋದು ಅವತ್ತು ಬೆಳಿಗ್ಗೆ ಅದನ್ನು ಯಾರೋ ಚೆನ್ನಾಗಿ ಮಸೆದಿದ್ದಾರೆ ಅನ್ನೋದು ಮಾತ್ರ. ಇಪ್ಪತ್ತು ಸಲ ಕೊಡತಿಯ ಏಟು ತಿಂದ ಮೇಲೆ ಅದರ ಬಾಯಿ ಹೇಗಿದೆ ಅನ್ನೋದು ನಿಜವಾದ ಪ್ರಶ್ನೆ. ಆ ವಿಡಿಯೋಗಳಲ್ಲಿ ಕಡಿಯೋದು ಬಹುಪಾಲು ಪೈನ್, ವಾಲ್‌ನಟ್. ನಮ್ಮ ಸಾಗುವಾನಿಯಲ್ಲಿ ಸಿಲಿಕಾ ಇರುತ್ತೆ, ಅಂದ್ರೆ ಮರದೊಳಗೇ ಸಣ್ಣ ಮರಳು ಇದ್ದಂತೆ. ಹಲಗೆ ನೋಡೋಕೆ ಬೆಣ್ಣೆ, ಉಳಿಯ ಬಾಯಿ ಮಾತ್ರ ಬೇಗ ಮೊಂಡಾಗುತ್ತೆ. ಅಲ್ಲಿನ ಐದು ಸ್ಟಾರ್ ಇಲ್ಲಿ ಹಾಗೇ ಚಲಾವಣೆ ಆಗಲ್ಲ.

ನನ್ನ ಹಲಗೆಗಳು ಹಾಳಾಗಿದ್ದು ಮಾತ್ರ ಮೊಂಡು ಬಾಯಿಯಿಂದಲ್ಲ, ಉಳಿಯ ಪಕ್ಕದಿಂದ. ಪೆಟ್ಟಿಗೆಯ ಮೂಲೆಗೆ ಡವ್‌ಟೇಲ್ ಜೋಡಣೆ ಮಾಡ್ತಿದ್ದೆ: ಪಾರಿವಾಳದ ಬಾಲದ ಹಾಗೆ ತುದಿ ಅಗಲವಾದ ಹಲ್ಲುಗಳು, ಒಂದರೊಳಗೊಂದು ಕೂರುವಂಥವು. ಹಲ್ಲಿನ ಬುಡದ ಮೂಲೆ ತುಂಬ ಇಕ್ಕಟ್ಟು. ಉಳಿಯ ಎರಡೂ ಪಕ್ಕ ಇಳಿಜಾರಾಗಿ ತೆಳುವಾಗಿದ್ದರೆ ಮಾತ್ರ ಅಲ್ಲಿ ತೂರುತ್ತೆ. ನನ್ನ ಸೆಟ್ಟಿನ ಉಳಿಗಳಲ್ಲಿ ಇಳಿಜಾರು ಮೇಲ್ಗಡೆ ಸ್ವಲ್ಪ, ಶಾಸ್ತ್ರಕ್ಕೆ. ಅದರ ಕೆಳಗೆ ಪಕ್ಕ ಮೂರು ಮಿಲಿಮೀಟರ್ ದಪ್ಪ, ನೆಟ್ಟಗೆ. ಬಾಯಿ ಮೂಲೆ ಮುಟ್ಟೋ ಮೊದಲೇ ಆ ದಪ್ಪ ಪಕ್ಕ ಹಲ್ಲನ್ನು ಜಜ್ಜಿತು. ಒಂದು ವಿಮರ್ಶೆಯಲ್ಲೂ ಈ ಪಕ್ಕದ ಮಾತು ಇರಲಿಲ್ಲ. ಹಿಡಿಯ ಪಾಲಿಶ್ ಬಗ್ಗೆ ಇತ್ತು.

ಆಮೇಲೆ ನನಗೆ ಹೊಳೆದದ್ದು ಇಷ್ಟು. ಅಂಗಡಿಯಿಂದ ಬಂದ ಉಳಿ ಇನ್ನೂ ಪೂರ್ತಿ ಉಳಿ ಆಗಿರಲ್ಲ, ಕಲ್ಲಿನ ಮೇಲೆ ನಾವು ಮಾಡ್ಕೋಬೇಕು. ಹಾಗಿದ್ದಮೇಲೆ ಕೊಳ್ಳುವಾಗ ನೋಡಬೇಕಾದ್ದು ನಮ್ಮಿಂದ ಸರಿಮಾಡೋಕೆ ಆಗದ್ದನ್ನ. ಬಾಯಿ ಹರಿತ ಇಲ್ಲವಾ? ಮಸೆಯಬಹುದು. ಹಿಡಿ ಒರಟಾ? ಉಪ್ಪುಕಾಗದ ಉಜ್ಜಬಹುದು. ಪ್ಲಾಸ್ಟಿಕ್ ಹಿಡೀನಾ? ಇರಲಿ ಬಿಡಿ, ಏಟು ಚೆನ್ನಾಗಿ ತಡೆಯುತ್ತೆ. ಅದನ್ನು ಕೀಳಾಗಿ ಕಾಣೋದು ಬರೀ ಜಂಬ. ಪಕ್ಕ ದಪ್ಪ ಇದ್ದರೆ, ಹಿಡಿ ಮತ್ತು ಅಲಗು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ, ಉಕ್ಕಿಗೆ ಹದ ಸರಿಯಾಗಿ ಬಿದ್ದಿಲ್ಲದಿದ್ದರೆ, ಬಾಲ್ಕನಿಯಲ್ಲಿ ಕೂತು ನಾವು ಮಾಡೋದು ಏನೂ ಇಲ್ಲ.

ಬೆನ್ನು ಎರಡರ ಮಧ್ಯದ್ದು. ಹರಿತ ಅನ್ನೋದು ಎರಡು ಮೈ ಕೂಡುವ ಗೆರೆ, ಇಳಿಜಾರು ಒಂದು ಮೈ, ಬೆನ್ನು ಇನ್ನೊಂದು. ಅಂಗಡಿಯಲ್ಲಿ ಸ್ಟೀಲ್ ಸ್ಕೇಲನ್ನು ಬೆನ್ನಿಗೆ ಅಡ್ಡ ನಿಲ್ಲಿಸಿ ಬೆಳಕಿಗೆ ಹಿಡೀರಿ. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೆ, ಅಂದ್ರೆ ಬೆನ್ನು ಚೂರು ಕುಳಿಯಾಗಿದ್ದರೆ, ಧೈರ್ಯವಾಗಿ ತಗೊಳ್ಳಿ. ಜಪಾನಿನ ಉಳಿಗಳಲ್ಲಿ ಬೇಕು ಅಂತಲೇ ಕುಳಿ ಬಿಟ್ಟಿರ್ತಾರೆ, ಮಸೆಯೋಕೆ ಸುಲಭ. ಬೆನ್ನು ಉಬ್ಬಿದ್ದರೆ ಮಾತ್ರ ವಾಪಸ್ ಇಡಿ. ಅದನ್ನು ಸಮ ಮಾಡುತ್ತ ನಾನು ಎರಡು ಭಾನುವಾರ ಕಳೆದಿದ್ದೇನೆ, ಉಗುರು ಸಮೇತ ಸವೆದಿದೆ.

ಉಕ್ಕಿನ ವಿಷಯ ಬಂದರೆ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಹಬ್ಬ. ಎ2, ಓ1, ಪಿಎಂ-ವಿ11, ರಾಕ್‌ವೆಲ್ ನಂಬರ್. ಮೊಬೈಲ್ ಸ್ಪೆಕ್ ಓದಿದ ಹಾಗೆ ಓದ್ತೀವಿ. ಲೀ-ನೀಲ್ಸನ್, ವೆರಿಟಾಸ್ ಒಳ್ಳೆಯವೇ, ಪಕ್ಕಗಳೂ ತೆಳು. ಆದರೆ ಅಲ್ಲಿಂದ ತರಿಸೋ ಖರ್ಚಿನಲ್ಲಿ ಪೆಟ್ಟಿಗೆಗೆ ಬೇಕಾದ ಮರವೇ ಬರುತ್ತೆ. ಪಾಶ್ಚಾತ್ಯ ಉಳಿಗಳು ಸಾಮಾನ್ಯವಾಗಿ 58ರಿಂದ 62 ರಾಕ್‌ವೆಲ್ ಗಟ್ಟಿ. ಆ ನಂಬರಿಗಿಂತ ಬಾಯಿಯನ್ನೇ ಕೇಳೋದು ವಾಸಿ. ಕಡಿದ ಮೇಲೆ ಬಾಯಿ ಮಡಚಿದರೆ ಉಕ್ಕು ಮೆತ್ತಗೆ. ಪುಡಿಪುಡಿ ಮುರಿದರೆ ತಕ್ಷಣ ಬೈಬೇಡಿ, 25 ಡಿಗ್ರಿ ಇದ್ದ ಕೋನವನ್ನು 30 ಮಾಡಿ ನೋಡಿ, ಎಷ್ಟೋ ಸಲ ಅಲ್ಲಿಗೆ ನಿಲ್ಲುತ್ತೆ.

ಪಕ್ಕದ ಫ್ಲ್ಯಾಟಿಗೆ ವಾರ್ಡ್‌ರೋಬ್ ಮಾಡೋಕೆ ಬಂದಿದ್ದ ಆಚಾರ್ರಿಗೆ ನನ್ನ ಡಬ್ಬಿ ತೋರಿಸಿದೆ. ಒಂದೊಂದನ್ನೇ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು.

"ಆರು ಯಾಕ್ ಸಾರ್?"

"ಸೆಟ್ಟಲ್ಲಿ ಬಂತು ಆಚಾರ್ರೇ."

"ನಮ್ದು ಮುಕ್ಕಾಲು ಕೆಲಸ ಅರ್ಧ ಇಂಚಿಂದ್ರಲ್ಲೇ ಆಗೋಗುತ್ತೆ."

ಅವರ ಅರ್ಧ ಇಂಚಿನ ಉಳಿ ಸವೆದು ಸವೆದು ಹೆಬ್ಬೆರಳುದ್ದ ಆಗಿತ್ತು. ಅವರು ಹೇಳಿದ್ದೆಲ್ಲ ವೇದವಾಕ್ಯ ಅಂತ ನಾನು ಹೇಳಲ್ಲ. ನೀರು ಮುಟ್ಟಿಸದೆ ಗ್ರೈಂಡರ್‌ಗೆ ಒತ್ತಿ ತುದಿ ನೀಲಿ ಮಾಡ್ಕೊಂಡಿದ್ದರು. ನೀಲಿ ಬಂತು ಅಂದ್ರೆ ಸಾದಾ ಕಾರ್ಬನ್ ಉಕ್ಕಿನ ಹದ ಅಷ್ಟು ದೂರ ಹೋಯ್ತು ಅಂತಲೇ. ಪ್ಲೈವುಡ್ ಕೆಲಸಕ್ಕೆ ಅದು ನಡೆಯುತ್ತೆ, ಡವ್‌ಟೇಲ್‌ಗೆ ನಡೆಯಲ್ಲ. ಆದರೆ ಆರು ಯಾಕೆ ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಡಬ್ಬಿಯ ಮೂರು ಉಳಿಗಳಿಗೆ ಇವತ್ತಿಗೂ ಮರದ ಪರಿಚಯ ಇಲ್ಲ.

ಹೋದ ತಿಂಗಳು ಎಸ್‌.ಪಿ. ರೋಡಿಗೆ ಹೋಗಿ, ಸ್ಕೇಲ್ ಜೇಬಲ್ಲಿ ಇಟ್ಕೊಂಡು, ಬಿಡಿಯಾಗಿ ಎರಡು ಉಳಿ ಆರಿಸಿದೆ. ಒಂದು 6 ಮಿಲಿಮೀಟರ್, ಒಂದು 12. ಹನ್ನೊಂದು ಉಳಿ ತೆಗೆಸಿದ್ದಕ್ಕೆ ಅಂಗಡಿಯವರ ಮುಖ ಸಪ್ಪಗಾಯ್ತು. ಉಳಿದ ದುಡ್ಡಲ್ಲಿ 1000 ಮತ್ತು 6000 ಗ್ರಿಟ್‌ನ ಮಸೆಗಲ್ಲು ತಂದೆ. ಕಾರ್ಖಾನೆಯಲ್ಲಿ ಕಾದು ಮೆತ್ತಗಾಗಿರಬಹುದಾದ ಮೊದಲ ಒಂದೆರಡು ಮಿಲಿಮೀಟರ್ ಸವೆಸೋಕೆ ಮೂರು ಸಂಜೆ ಹಿಡೀತು. ನಿನ್ನೆ ಹಾಳಾದ ಹಲಗೆಯ ತುಂಡಿನಲ್ಲಿ ನಾಲ್ಕು ಹಲ್ಲು ಕಡಿದೆ. ಮೂರು ಸರಿ ಬಂದವು. ಒಳ್ಳೆಯ ಹಲಗೆಗಳು ಇನ್ನೂ ಮಂಚದ ಕೆಳಗೆ ಇವೆ. ಅಮ್ಮ ಫೋನಲ್ಲಿ ಪೆಟ್ಟಿಗೆ ಎಲ್ಲಿಗೆ ಬಂತೋ ಅಂತ ಕೇಳಿದ್ರು, ಬೀಗ ಹುಡುಕ್ತಾ ಇದೀನಿ ಅಂದೆ.